ಬಿಳಿ ಹೊಲಿಗೆಯ ಕೋಟು

ಗಂಡನ ಅಂತ್ಯಕ್ರಿಯೆಗೆ ಬಂದವರೆಲ್ಲ ಹೊರಟುಹೋಗಿ ಮನೆ ಮನೆಯಂತಾದ ಮೊದಲ ಬೆಳಗು. ಅವಳಿನ್ನೂ ಹಲ್ಲುಜ್ಜಿರಲಿಲ್ಲ, ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯ ಮ್ಯಾನೇಜರ ಫೋನು.

“ನಿನ್ನ ಗಂಡನ ಜಾಗ ಖಾಲಿ ಇದೆಯಮ್ಮ. ನೀನೂ ಅವನ ಹಾಗೆ ಬಣ್ಣದ ರಸಾಯನಶಾಸ್ತ್ರಾನೇ ಓದಿದೋಳಲ್ವಾ? ಮಧ್ಯಾಹ್ನ ಬಾ, ಮಾತಾಡೋಣ. ಹಾಂ, ಅವನು ಒಯ್ದಿದ್ದ ನನ್ನ ಬಿಳಿ ಕೋಟೂ ತಗೊಂಡು ಬಾ.”

ಬೀರುವಿನಲ್ಲಿ ಕೋಟು ಸಿಕ್ಕಿತು. ಜೇಬಿನ ಕೆಳಗೆ ಅಂಗೈಯಗಲ ಶಾಯಿ. ಎರಡು ಸಲ ಒಗೆದರೂ ಕಲೆ ಬಾಡಿಗೆ ವಸೂಲಿಗೆ ಬಂದ ಮಾಲೀಕನಂತೆ ಅಲ್ಲಾಡಲಿಲ್ಲ.

“ಅತ್ತಿಗೆ, ಕೆಲಸ ಹೋದ ಹಾಗೇ!” ಎಂದು ನಾದಿನಿ ಕೆಳಮನೆಯ ದರ್ಜಿಯನ್ನೇ ಕರೆತಂದಳು. ಆತ ಕೋಟನ್ನು ಮೂಸಿದ.

“ಕಡುನೀಲಿ ಬಣ್ಣದ ಪುಡಿ, ಒಂದು ಹಿಡಿ ಉಪ್ಪು ಹಾಕಿ ಕುದಿಸಿ. ಇಡೀ ಕೋಟು ನೀಲಿ, ಕಲೆ ಮಂಗಮಾಯ.”

“ಬಟ್ಟೆ ಹತ್ತಿ, ಹೊಲಿಗೆಯ ದಾರ ಪಾಲಿಯೆಸ್ಟರ್,” ಎಂದಳು ಅವಳು. “ಹತ್ತಿಯ ಎಳೆ ನೀರು ಕುಡಿದು ಉಬ್ಬುತ್ತೆ, ಬಣ್ಣ ಒಳಗೆ ಹೋಗುತ್ತೆ. ಪಾಲಿಯೆಸ್ಟರ್‌ನಲ್ಲಿ ಅಣುಗಳು ಒತ್ತೊತ್ತಾಗಿ ಕೂತಿರುತ್ತವೆ. ಈ ಪುಡಿಗೆ ಅಲ್ಲಿ ಜಾಗವೇ ಇಲ್ಲ.”

“ನಲವತ್ತು ವರ್ಷದಿಂದ ಹೊಲೀತಿದೀನಮ್ಮ. ಒಂದು ಅಣುವೂ ನನ್ನ ಸೂಜಿಗೆ ಸಿಕ್ಕಿಲ್ಲ!”

“ಪಾಪ, ದುಃಖದಲ್ಲಿ ಏನೇನೋ ಮಾತಾಡ್ತಾರೆ,” ಎಂದು ನಾದಿನಿ ಕೋಟನ್ನು ಹಂಡೆಗೆ ಅದ್ದೇಬಿಟ್ಟಳು.

ಗಂಟೆ ಕಳೆದು ಹೊರಬಂದ ಕೋಟು ಕಡುನೀಲಿ. ಹೊಲಿಗೆಗಳು ಮಾತ್ರ ಬೆಳ್ಳಗೆ ಹಲ್ಲು ಕಿರಿಯುತ್ತಿದ್ದವು. ದರ್ಜಿ ಗಂಟಲು ಸರಿಮಾಡಿಕೊಂಡ. “ನೀರು ಸರಿಯಿಲ್ಲ.”

ಒಣಗಿಸಿ, ಇಸ್ತ್ರಿ ಹಾಕಿ, ಮೂವರೂ ಹೊರಟರು. ಕಾರ್ಖಾನೆಯ ಮೆಟ್ಟಿಲೇರುವಾಗ ದರ್ಜಿ ಅವಳ ಬೆನ್ನ ಹಿಂದೆ ಅಡಗಿದ್ದ.

ಅವಳ ತೋಳಿನ ಮೇಲಿದ್ದುದನ್ನು ಮ್ಯಾನೇಜರು ದಿಟ್ಟಿಸಿದರು. “ಇದು ನನ್ನ ಕೋಟಾ?”

“ಹೌದು ಸರ್. ಕಲೆಯಾಗಿತ್ತು...”

“ಕಲೆ ಹಾಳಾಗಲಿ! ಹೊಲಿಗೆಯಷ್ಟನ್ನೇ ಬಿಳಿ ಉಳಿಸಿದಾರಲ್ಲ, ಯಾರ ಕೈಚಳಕ ಇದು?”

ದರ್ಜಿ ಅವಳನ್ನು ಪಕ್ಕಕ್ಕೆ ಸರಿಸಿ ಮುಂದೆ ಬಂದ. “ನಂದೇ ಸ್ವಾಮಿ.”

“ಹೌದು ಸರ್,” ಎಂದಳು ನಾದಿನಿ, ಸತ್ಯಕ್ಕೆ ಅಪಚಾರವಾಗದಂತೆ. “ಅತ್ತಿಗೆ ಬೇಡ ಬೇಡ ಅಂತಾನೇ ಇದ್ರು.”

“ಹಾಗಾದ್ರೆ ಆ ಜಾಗ ಇವರಿಗೇ!” ಮ್ಯಾನೇಜರು ಮೇಜು ಗುದ್ದಿದರು. “ಗೋದಾಮಿನಲ್ಲಿ ಐನೂರು ಬಿಳಿ ಕೋಟು ಬಿದ್ದಿವೆ, ಎಲ್ಲಾ ಅಪ್ಪಟ ಪಾಲಿಯೆಸ್ಟರ್. ನಾಳೆ ಸಂಜೆಯೊಳಗೆ ಇದೇ ಬಣ್ಣ ಆಗ್ಬೇಕು. ಆಗುತ್ತಾ?”

“ಉಪ್ಪು ಜಾಸ್ತಿ ಹಿಡಿಯುತ್ತೆ, ಅಷ್ಟೇ,” ಎಂದ ದರ್ಜಿ.

ಮ್ಯಾನೇಜರು ಅವಳತ್ತ ತಿರುಗಿ ದನಿ ತಗ್ಗಿಸಿದರು. “ಬೇಜಾರು ಮಾಡ್ಕೋಬೇಡಮ್ಮ. ಅನುಭವ ಅನುಭವವೇ. ನೀನೇನಾದ್ರೂ ಹೇಳೋದಿದ್ಯಾ?”

ಅವಳು ದರ್ಜಿಯ ಮುಖ ನೋಡಿದಳು. ಆತ ಆಗಲೇ ಅವಳ ಗಂಡನ ಕುರ್ಚಿ ಎಲ್ಲಿದೆಯೆಂದು ಹುಡುಕುತ್ತಿದ್ದ.

“ಏನಿಲ್ಲ ಸರ್,” ಎಂದು ಕೋಟನ್ನು ಮಡಚಿ ಮೇಜಿನ ಮೇಲಿಟ್ಟಳು. “ನಮ್ಮವರು ಒಯ್ದಿದ್ದ ನಿಮ್ಮ ಕೋಟು. ನಾಳೆ ಸಂಜೆ ಮತ್ತೆ ಬರ್ತೀನಿ.”