ಮೇಸ್ತ್ರಿಗಳು ಮದರ್‌ಬೋರ್ಡ್ ಆರಿಸಿದ್ದು

ಮೇಸ್ತ್ರಿಗಳ ಮೇಲೆ ಊರಿನವರಿಗಿದ್ದ ದೂರು ಒಂದೇ: ಹಿಡಿದ ಕೆಲಸ ಮುಗಿಸುವುದಿಲ್ಲ. ಪಾಯ ತೆಗೆಯುವಾಗ ಅವರ ಹುರುಪು ನೋಡಬೇಕು. ಗೋಡೆ ಏಳುವ ಹೊತ್ತಿಗೆ ಅದು ಅರ್ಧಕ್ಕಿಳಿದು, ಪ್ಲಾಸ್ಟರಿಂಗ್ ಬರುವಷ್ಟರಲ್ಲಿ ಮನೆ ಕಟ್ಟಿಸುವವರೇ ಅವರನ್ನು ಹುಡುಕಿಕೊಂಡು ಬೀದಿ ಬೀದಿ ಅಲೆಯುತ್ತಿದ್ದರು. ಮರಳು ಬಂದಿಲ್ಲ, ಸಿಮೆಂಟು ಇನ್ನೂ ನೀರು ಕುಡಿಯಬೇಕು, ಮುಂದಿನ ವಾರ ಖಂಡಿತ. ಈ ಮಾತುಗಳ ಮೇಲೆಯೇ ಅವರ ಸಂಸಾರ ಇಷ್ಟು ವರ್ಷ ನಿಂತಿತ್ತು. ಆದರೆ ಒಪ್ಪಬೇಕಾದ ಮಾತೂ ಒಂದಿದೆ. ಮುಗಿದರೆ (ಮುಗಿದರೆ, ಅಷ್ಟೆ) ಅವರ ಕೆಲಸ ಬಲು ಗಟ್ಟಿ. ಅವರು ಕಟ್ಟಿದ ಗೋಡೆಗೆ ಮೊಳೆ ಹೊಡೆಯಲು ಹೋದವರು ಸುತ್ತಿಗೆ ಬದಲಾಯಿಸಬೇಕಾಗುತ್ತಿತ್ತು.

ಇಂಥ ಮೇಸ್ತ್ರಿಗಳಿಗೆ ಒಬ್ಬಳೇ ಮಗಳು. ಸ್ಕೂಟರಿನ ಹಿಂದೆ ಕೂತರೆ ಶಾಲೆಯ ಬಾಗಿಲು ಬರುವವರೆಗೂ ಬಾಯಿ ಮುಚ್ಚದಿದ್ದವಳು, ಕಾಲೇಜು ಸೇರಿದ್ದೇ ತಡ, ಬಸ್ಸಿನಲ್ಲಿ ಹೋಗತೊಡಗಿದಳು. ಮನೆಗೆ ಬಂದರೆ ಕೋಣೆ, ಕೋಣೆಗೆ ಬಾಗಿಲು, ಬಾಗಿಲಿಗೆ ಚಿಲಕ. "ಊಟ ಆಯ್ತೇನಮ್ಮ?" ಎಂದು ಕೇಳಿದರೆ ಆಯ್ತು. "ಓದು ಹೇಗೆ ನಡೀತಿದೆ?" ಎಂದರೆ ನಡೀತಿದೆ. ಆ ವಯಸ್ಸೇ ಹಾಗೆ ಎಂದು ಹೆಂಡತಿ ಸಮಾಧಾನ ಹೇಳಿದರೂ ಮೇಸ್ತ್ರಿಗಳಿಗೆ ಒಳಗೊಳಗೇ ಸಂಕಟವಾಗುತ್ತಿತ್ತು. ಮಗಳ ಮಾತಿಲ್ಲದ ಮನೆ ಅವರಿಗೆ ಮನೆಯೇ ಅನ್ನಿಸುತ್ತಿರಲಿಲ್ಲ.

ಅಂಥವಳು ಒಂದು ಸಂಜೆ ತಾನಾಗಿ ಬಂದು ಅವರ ಪಕ್ಕ ಕೂತಳು. ಗೇಮ್ ಆಡುವುದಕ್ಕೆ ಕಂಪ್ಯೂಟರ್ ಬೇಕು, ಅಂಗಡಿಯಲ್ಲಿ ಸಿದ್ಧವಾಗಿ ಸಿಗುವುದು ಬೇಡ, ಬಿಡಿಭಾಗ ತಂದು ಮನೆಯಲ್ಲೇ ಜೋಡಿಸಬೇಕು ಎಂದು ಹಿಂದೆಯೇ ಹಟ ಹಿಡಿದಿದ್ದಳು. ಅಮ್ಮನ ಒಪ್ಪಿಗೆಯೂ ಸಿಕ್ಕಿ ಪೆಟ್ಟಿಗೆ, ಪ್ರೊಸೆಸರ್, ಮೆಮೊರಿ ಎಲ್ಲ ಬಂದು ಕೋಣೆಯಲ್ಲಿ ಕೂತಿದ್ದವು. ಮದರ್‌ಬೋರ್ಡ್ ಒಂದು ಬಾಕಿ.

"ಅಪ್ಪ, ಎಲ್ಲಾನೂ ಅದರ ಮೇಲೇ ಕೂರೋದು. ಮನೆಗೆ ಪಾಯ ಇದ್ದಂಗೆ. ನೀನೂ ಒಂದ್ಸಲ ನೋಡಿ ಹೂಂ ಅಂದ್ಬಿಡು, ತರಿಸಿಬಿಡೋಣ."

ಅವಳು ಫೋನಿನಲ್ಲಿ ಒಂದು ಹಸಿರು ಹಲಗೆಯ ಚಿತ್ರ ತೋರಿಸಿ, ಪ್ರೊಸೆಸರ್ ಎಲ್ಲಿ ಕೂರುತ್ತದೆ, ಮೆಮೊರಿ ಎಲ್ಲಿ ಸಿಕ್ಕಿಸಬೇಕು, ಕರೆಂಟು ಎಲ್ಲಿಂದ ಬರುತ್ತದೆ ಎಂದು ವಿವರಿಸುತ್ತ ಹೋದಳು. ಮೇಸ್ತ್ರಿಗಳಿಗೆ ಒಂದಕ್ಷರ ತಲೆಗೆ ಹೋಗಲಿಲ್ಲ. ಅವರು ಮಗಳ ಮುಖವನ್ನೇ ನೋಡುತ್ತಿದ್ದರು. ಇಷ್ಟು ಮಾತು ಅವಳ ಬಾಯಿಂದ ಕೇಳಿ ಎಷ್ಟು ಕಾಲವಾಗಿತ್ತೋ. ಹೂಂ ಅಂದುಬಿಟ್ಟರೆ ಇದು ಇಲ್ಲಿಗೇ ಮುಗಿಯಿತು ಎಂದು ಹೊಳೆದದ್ದೇ ತಡ, ವೃತ್ತಿಯ ವಿದ್ಯೆ ಕೈಹಿಡಿಯಿತು.

"ಸೈಟು ಚಿಕ್ಕದಾಯ್ತಲ್ಲಮ್ಮ," ಎಂದರು ಗಂಭೀರವಾಗಿ. "ಮೆಮೊರಿಗೆ ಎರಡೇ ಜಾಗ ಬಿಟ್ಟಿದಾರೆ. ನಾಳೆ ಮೇಲೊಂದು ಮಹಡಿ ಎತ್ತಬೇಕು ಅಂದ್ರೆ?"

ಮಗಳು ನಗಲಿಲ್ಲ, ಯೋಚಿಸಿದಳು. "ಹೌದಲ್ವಾ. ನಾಳೆ ಬೇರೆ ನೋಡ್ತೀನಿ."

ನಾಳೆ. ಆ ಒಂದು ಶಬ್ದ ಮೇಸ್ತ್ರಿಗಳಿಗೆ ಜೇನಿನಂತೆ ಕೇಳಿಸಿತು.

ಮರುದಿನ ಅವಳು ಫೋನಿನಲ್ಲಿ ತೋರಿಸಿದ ಬೋರ್ಡಿಗೆ ಗಾಳಿ ಬೆಳಕು ಸಾಲದಾಯಿತು. ಕರೆಂಟು ಒಳಗೆ ಬರುವ ಕಡೆ ಬಿಸಿಯಾಗುತ್ತದೆ, ಆ ಬಿಸಿ ಹೋಗುವುದು ಎಲ್ಲಿಗೆ ಎಂದು ಅವರು ಕೇಳಿದರು. ಅದರ ಮುಂದಿನದು ದೊಡ್ಡದಿತ್ತು, ಗಾಳಿಯಾಡುವಂತಿತ್ತು. ಆದರೆ ಪೆಟ್ಟಿಗೆಯೊಳಗೆ ಹಿಡಿಯುವುದಿಲ್ಲ ಎಂದು ಅವರೇ ಟೇಪು ತಂದು ಅಳೆದು ತೋರಿಸಿದರು. ಹೀಗೆ ಆಕ್ಷೇಪಣೆ ಎತ್ತಬೇಕಾದರೆ ವಿಷಯ ತಿಳಿದಿರಬೇಕಲ್ಲ. ಹಲ್ಲಿನ ಡಾಕ್ಟರ ಅಡುಗೆಮನೆಗೆ ಟೈಲ್ಸ್ ಹಾಕಬೇಕಾದ ಹೊತ್ತಿನಲ್ಲಿ ಮೇಸ್ತ್ರಿಗಳು ಮರಳಿನ ಗುಡ್ಡೆಯ ಮೇಲೆ ಕೂತು ಫೋನಿನಲ್ಲಿ ಮದರ್‌ಬೋರ್ಡ್ ಶಾಸ್ತ್ರ ಅಧ್ಯಯನ ಮಾಡತೊಡಗಿದರು. (ಡಾಕ್ಟರ ಮನೆಯವರು ಬಚ್ಚಲಿನಲ್ಲಿ ಪಾತ್ರೆ ತೊಳೆಯುತ್ತಿದ್ದರು, ಪಾಪ.)

"ಅಂಗಡಿಯಲ್ಲಿ ಹಳೇ ಸ್ಟಾಕು ಕೊಟ್ರೆ ಏನ್ಮಾಡ್ತೀಯ?" ಎಂದು ಒಂದು ಸಂಜೆ ಕೇಳಿದರು. "ಬೋರ್ಡಿನೊಳಗೆ ಬಯಾಸ್ ಅಂತ ಒಂದು ಪ್ರೋಗ್ರಾಮು ಇರುತ್ತಲ್ಲ, ಅದು ಹಳೇದಿದ್ರೆ ನಿನ್ನ ಹೊಸ ಪ್ರೊಸೆಸರ್ರನ್ನ ಅದು ಗುರುತೇ ಹಿಡಿಯಲ್ವಂತೆ."

ಮಗಳು ಕಣ್ಣರಳಿಸಿ ನೋಡಿದಳು. "ಅಪ್ಪ, ಇದೆಲ್ಲ ನಿಂಗೆ ಹೇಗೆ ಗೊತ್ತು?"

ಆ ನೋಟಕ್ಕಾಗಿ ಅವರು ಇಡೀ ಬಡಾವಣೆಯನ್ನು ಅರ್ಧಕ್ಕೆ ಬಿಟ್ಟು ಬರಲು ತಯಾರಿದ್ದರು.

ಎಲ್ಲ ಬೋರ್ಡುಗಳ ದೋಷವೂ ಮುಗಿದು, ಮೇಸ್ತ್ರಿಗಳು ಬಣ್ಣಕ್ಕೆ ಬಂದರು. ಕಪ್ಪು ಬೇಡ, ಬಿಳಿ ಇದ್ದರೆ ನೋಡು ಎಂದರು. ಮಗಳು ಫೋನು ಎತ್ತಿಕೊಂಡು ಎದ್ದು ಹೋದಳು. ಹೆಂಡತಿ ಒಗೆದ ಬಟ್ಟೆ ಮಡಿಸುತ್ತ ಎಲ್ಲ ಕೇಳಿಸಿಕೊಂಡಿದ್ದಳು.

"ಏನ್ರೀ, ಮಗಳೂ ನಿಮಗೆ ಗಿರಾಕಿ ಆಗೋದ್ಲಾ?"

"ಸುಮ್ನಿರೇ. ಪಾಯದ ವಿಷಯದಲ್ಲಿ ಆತುರ ಪಡಬಾರದು."

"ಪಾಯದ ವಿಷಯ ನನ್ ಹತ್ರ ಹೇಳ್ಬೇಡಿ. ಗೆಳತಿಯರೆಲ್ಲ ಸೇರಿ ಆಡೋದಕ್ಕೆ ಇವಳಿಗೋಸ್ಕರ ಕಾಯ್ತಾ ಕೂತಿದಾರೆ. ನಿಮಗೇನು ಆಗಿದೆ?"

ಮೇಸ್ತ್ರಿಗಳು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. "ಬೋರ್ಡು ಬಂದ್ರೆ ಬಾಗಿಲು ಹಾಕ್ಕೊಂಡು ಆಡ್ತಾಳೆ ಕಣೇ. ಆಮೇಲೆ ನನ್ ಹತ್ರ ಅವಳಿಗೆ ಏನು ಕೆಲಸ?"

ಹೆಂಡತಿ ಕೈಯಲ್ಲಿದ್ದ ಅಂಗಿಯನ್ನು ಮಡಿಸಿ ಗುಡ್ಡೆಯ ಮೇಲಿಟ್ಟಳು. "ಕಾಯಿಸಿ ಕಾಯಿಸಿ ಯಾರನ್ನಾದರೂ ಉಳಿಸ್ಕೊಂಡಿದೀರಾ ನೀವು?" ಎಂದಷ್ಟೇ ಕೇಳಿ ಒಳಗೆ ಹೋದಳು.

ಎರಡೇ ದಿನದಲ್ಲಿ ಮಗಳು ಎದುರಿಗೆ ಬಂದು ನಿಂತಳು. "ಅಪ್ಪ, ಬೇಜಾರು ಮಾಡ್ಕೋಬೇಡ," ಎಂದು ಶುರುಮಾಡಿದಳು. ಕೆಲಸ ಬಿಡಿಸುವ ಗಿರಾಕಿಗಳೆಲ್ಲ ಹೀಗೇ ಶುರುಮಾಡುವುದು. ಮೇಸ್ತ್ರಿಗಳಿಗೆ ಮುಂದಿನದು ಕೇಳುವ ಮೊದಲೇ ಅರ್ಥವಾಯಿತು. "ಮಾವಂಗೆ ಹೇಳಿದೀನಿ. ಭಾನುವಾರ ಬೋರ್ಡು ತಂದು ಜೋಡಿಸಿ ಕೊಡ್ತಾರಂತೆ."

ಮಾವ ಎಂದರೆ ಹೆಂಡತಿಯ ತಮ್ಮ, ಗಡಿಯಾರ ರಿಪೇರಿಯವನು. ಹೇಳಿದ ಹೊತ್ತಿಗೆ ಸರಿಯಾಗಿ ಬರುವುದು ಅವನ ಕೆಟ್ಟ ಚಟ. ಭಾನುವಾರ ಬಂದವನೇ ಸಣ್ಣ ಸ್ಕ್ರೂಡ್ರೈವರುಗಳನ್ನು ಬಟ್ಟೆಯ ಮೇಲೆ ಹರಡಿಕೊಂಡು ಕೂತ. ತಂದದ್ದು ಯಾವ ಬೋರ್ಡು ಅಂತೀರಿ? ಮೇಸ್ತ್ರಿಗಳು ಮೊದಲ ಸಂಜೆ ಸೈಟು ಚಿಕ್ಕದೆಂದು ತಳ್ಳಿಹಾಕಿದ್ದೇ. ಅವರು ಹಿಂದೆ ನಿಂತು, "ಸ್ಕ್ರೂ ಜಾಸ್ತಿ ಬಿಗೀಬೇಡಪ್ಪ," ಎಂದರು.

"ಭಾವ, ನೆರಳು ಬೀಳ್ತಿದೆ, ಸ್ವಲ್ಪ ಆ ಕಡೆ," ಎಂದ ಅವನು ತಲೆ ಎತ್ತದೆ.

ಕಾಫಿ ಆರುವುದರೊಳಗೆ ಪೆಟ್ಟಿಗೆಯಲ್ಲಿ ದೀಪ ಹೊತ್ತಿಕೊಂಡಿತು. ಮಗಳು ಮಾವನ ಕುತ್ತಿಗೆಗೆ ಜೋತುಬಿದ್ದಳು. ಮೇಸ್ತ್ರಿಗಳು ನಗುಮುಖ ಮಾಡಿಕೊಂಡು ನಿಂತಿದ್ದರು.

ಆದರೂ ಒಂದು ಸಮಾಧಾನ ಸಿಕ್ಕಿತು. ಇಂಟರ್‌ನೆಟ್ಟಿನ ಡಬ್ಬಿ ಇದ್ದದ್ದು ಪಡಸಾಲೆಯಲ್ಲಿ. ಅಲ್ಲಿಂದ ದಪ್ಪನೆಯ ವೈರು ಬಾಗಿಲ ಸಂದಿನಿಂದ ಕೋಣೆಗೆ ಹೋಗಬೇಕಾಗಿ, ಬಾಗಿಲು ನಾಲ್ಕು ಬೆರಳಿನಷ್ಟು ತೆರೆದೇ ಇರುತ್ತಿತ್ತು. ಆ ಸಂದಿನಿಂದ ಮಗಳ ದನಿ ಧಾರಾಳವಾಗಿ ಹೊರಗೆ ಬರುತ್ತಿತ್ತು. ಗೆಳತಿಯರಿಗೆ ಅಪ್ಪಣೆ ಕೊಡುವುದು, ಬೈಯುವುದು, ಬಿದ್ದು ಬಿದ್ದು ನಗುವುದು. ಮೇಸ್ತ್ರಿಗಳು ಪೇಪರ್ ಹಿಡಿದು ಬಾಗಿಲ ಪಕ್ಕದ ಕುರ್ಚಿಗೆ ವಾಸ್ತವ್ಯ ಬದಲಾಯಿಸಿದರು. ಮಾತು ತನ್ನ ಜೊತೆಗಲ್ಲದಿದ್ದರೇನು, ಮನೆಯಲ್ಲಿ ಮಾತಿದೆಯಲ್ಲ ಎಂದು ಅವರ ಜೀವಕ್ಕೆ ತಂಪಾಯಿತು.

ಮುಂದಿನ ಭಾನುವಾರ ಗಡಿಯಾರದ ಭಾವಮೈದುನ ಮತ್ತೆ ಬಂದಾಗ ಮಗಳು ಹೊರಗೆ ಬಂದಳು. "ಅಪ್ಪ, ಈ ವೈರಿಂದ ಬಾಗಿಲು ಹಾಕಕ್ಕೇ ಆಗ್ತಿಲ್ಲ. ಗೋಡೇಲಿ ಒಂದು ತೂತು ಮಾಡಿಕೊಡ್ತೀಯಾ?"

ಮೇಸ್ತ್ರಿಗಳ ಬಾಯಿಗೆ ಹಳೆಯ ಮಂತ್ರ ಬಂದೇ ಬಂತು. "ಮುಂದಿನ ವಾರ…"

"ನಿಮ್ಮಪ್ಪಂಗೆ ಹೇಳಿದ್ರೆ ನಿನ್ನ ಮಕ್ಕಳ ಕಾಲಕ್ಕೆ ಆಗುತ್ತೆ," ಎಂದ ಭಾವಮೈದುನ. "ಇರು, ನಾಳೆ ನಾನೇ ಡ್ರಿಲ್ ತರ್ತೀನಿ."

ಗಡಿಯಾರ ಬಿಚ್ಚುವವನು ಮೇಸ್ತ್ರಿಯ ಮನೆಯ ಗೋಡೆಗೆ ಕೈಹಾಕುವುದೇ? ಮೇಸ್ತ್ರಿಗಳ ನೆತ್ತಿಗೇರಿತು. ಪೇಪರ್ ಬಿಸಾಕಿ, ಉಳಿ ಸುತ್ತಿಗೆ ತಂದು ಆ ಕ್ಷಣವೇ ಶುರುಮಾಡಿದರು. ನೆಟ್ಟಗೆ, ನುಣ್ಣಗೆ, ಬೇಕಾದಷ್ಟೇ ಅಗಲದ ತೂತು. ವೈರು ತೂರಿಸಿ, ಸುತ್ತಲೂ ಸಿಮೆಂಟು ತುಂಬಿ, ಇರುವೆಯೂ ನುಸುಳದಂತೆ ಕರಣೆ ಆಡಿಸಿ, ಒದ್ದೆ ಬಟ್ಟೆಯಿಂದ ಒರೆಸಿ, ಎದ್ದು ನಿಂತರು.

"ಅಬ್ಬಾ, ಎಷ್ಟು ಬೇಗ ಆಯ್ತು. ಥ್ಯಾಂಕ್ಸ್ ಅಪ್ಪ," ಎಂದ ಮಗಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಚಿಲಕ ಬಿದ್ದ ಸದ್ದಾಯಿತು. ಆಮೇಲೆ ಯಾವ ಸದ್ದೂ ಇಲ್ಲ.

ಹೆಂಡತಿ ಗೋಡೆಯನ್ನೂ ಗಂಡನನ್ನೂ ಒಮ್ಮೆ ನೋಡಿದಳು. "ಒಂಚೂರು ಸಂದಾದ್ರೂ ಬಿಡಬಾರದಿತ್ತೇನ್ರೀ," ಎಂದಳು ಮೆಲ್ಲಗೆ.

ಭಾವಮೈದುನ ಹೊರಟುಹೋದ ಮೇಲೆ, ಹೆಂಡತಿಯೂ ಅಡುಗೆಮನೆಗೆ ಹೋದದ್ದನ್ನು ಖಾತ್ರಿ ಮಾಡಿಕೊಂಡು, ಮೇಸ್ತ್ರಿಗಳು ಬಗ್ಗಿ ವೈರಿನ ಪಕ್ಕ ಗೋಡೆಗೆ ಕಿವಿಯಿಟ್ಟರು. ಒಳಗೆ ಮಗಳು ನಗುತ್ತಿದ್ದಳೋ, ಮಾತಾಡುತ್ತಿದ್ದಳೋ, ಏನೂ ಕೇಳಿಸಲಿಲ್ಲ. ಅವರ ಕೆಲಸ ಅಷ್ಟು ಗಟ್ಟಿ. ತಲೆ ಎತ್ತಿದಾಗ ಕಿವಿಯ ತುಂಬ ಹಸಿ ಸಿಮೆಂಟು.