ಮಾವನ ಕಾರಿಗೆ ಬನಿಯನ್ ವೈದ್ಯ

ಹಳೆಯ ಕಾರಿನಲ್ಲಿ ಹಾರನ್ ಒಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಸದ್ದು ಮಾಡುತ್ತದೆ ಎಂದು ಲೋಕ ಹೇಳುತ್ತದೆ. ಲೋಕಕ್ಕೆ ನಮ್ಮ ಸೋದರಮಾವ ಗೊತ್ತಿಲ್ಲ. ಅವರ ಕಾರಿನಲ್ಲಿ ಹಾರನ್ ಬಿಟ್ಟರೆ ಬೇರೆ ಯಾವುದಕ್ಕೂ ಬಾಯಿ ತೆರೆಯಲು ಅಪ್ಪಣೆಯಿಲ್ಲ! ಇದನ್ನು ನಾನು ಧೈರ್ಯವಾಗಿ ಬರೆಯುತ್ತಿರುವುದಕ್ಕೂ ಕಾರಣವಿದೆ. ತಲೆತಲಾಂತರದಿಂದ ತಮಿಳುನಾಡಿನ ಪಲ್ಲಡಂನಲ್ಲಿ ನೆಲೆಸಿರುವ ನಮ್ಮ ನೇಕಾರರ ಮನೆಗಳಲ್ಲಿ ಮಾತು ಕನ್ನಡ, ಓದು ತಮಿಳು. ನಾನು ಹೇಗೋ ಕಲಿತೆ, ಮಾವನಿಗೆ ಕನ್ನಡದ ಒಂದಕ್ಷರ ಓದಲು ಬಾರದು. ದೇವರು ದೊಡ್ಡವನು.

ಮಾವನ ವೈದ್ಯ ಬಲು ಸರಳ. ತಿರುಪ್ಪೂರಿನ ಬನಿಯನ್ ಕಂಪನಿಗಳಲ್ಲಿ ಕತ್ತರಿಸಿ ಉಳಿದ ಬಟ್ಟೆ ಚೂರುಗಳಿಗೆ ನಮ್ಮ ಕಡೆ 'ವೇಸ್ಟ್' ಎನ್ನುತ್ತಾರೆ. ಎಲ್ಲರೂ ಅದನ್ನು ಗಾಡಿ ಒರೆಸಲು ತಂದರೆ ಮಾವ ಗಾಡಿಗೆ ತುರುಕಲು ತರುತ್ತಾರೆ. ಬಾಗಿಲು ಗಡಗಡ ಎಂದಿತೇ? ಸಂದಿಗೆ ಒಂದು ಹಿಡಿ ವೇಸ್ಟ್. ಡ್ಯಾಶ್‌ಬೋರ್ಡ್ ಕಿರ್ರ್ ಎಂದಿತೇ? ಎರಡು ಹಿಡಿ. ಒಮ್ಮೆ ನಾನು ಹಿಂದಿನ ಸೀಟಿನಲ್ಲಿ ಕೆಮ್ಮಿದಾಗ ಕನ್ನಡಿಯಲ್ಲಿ ನನ್ನನ್ನೇ ಒಂದು ಥರ ನೋಡಿದರು. ಆಮೇಲೆ ಊರು ಸೇರುವತನಕ ನಾನು ಬಾಯಿ ಬಿಗಿದುಕೊಂಡೇ ಕೂತಿದ್ದೆ.

ಆ ಶುಕ್ರವಾರ ಕಾಂಗೇಯಂನಲ್ಲಿ ಅವರ ಮೊಮ್ಮಗಳ ನಾಮಕರಣ. ಹತ್ತೂವರೆಗೆ ರಾಹುಕಾಲ ಶುರು. ಅಷ್ಟರೊಳಗೆ ಅತ್ತೆ ಮಗುವಿನ ಕಿವಿಯಲ್ಲಿ ಹೆಸರು ಹೇಳಬೇಕು. ನಮ್ಮ ಮನೆಯಲ್ಲಿ ಅದು ಅಜ್ಜಿಯ ಹಕ್ಕು. ತಮಾಷೆಯೆಂದರೆ, ಹೆಸರೇನೆಂದು ಅಜ್ಜಿಗೇ ಗೊತ್ತಿರಲಿಲ್ಲ. ಮಗಳು ಬೆಳಿಗ್ಗೆ ಅಪ್ಪನಿಗೆ ಫೋನ್ ಮಾಡಿ, "ಅಮ್ಮಂಗೆ ನೀವೇ ಹೇಳ್ಬೇಕು, ಬೇರೆ ಯಾರ ಕಿವಿಗೂ ಬೀಳಬಾರ್ದು" ಎಂದಿದ್ದಳು. ಮಗುವಿಗಿಂತ ಮೊದಲು ಊರಿಗೆ ಹೆಸರು ಗೊತ್ತಾದರೆ ಹೇಗೆ? ಮನೆತುಂಬ ನೆಂಟರಿದ್ದುದರಿಂದ ದಾರಿಯಲ್ಲಿ ಹೇಳಿದರಾಯಿತೆಂದು ಮಾವ ಹೊರಟರು. ಹಿಂದಿನ ಸೀಟಿನಲ್ಲಿ ತೊಟ್ಟಿಲು, ಸೀರೆ, ಹಣ್ಣಿನ ತಟ್ಟೆಗಳ ಜೊತೆ ನಾನಿದ್ದೆ. ನನ್ನನ್ನು ಅವರು ಸಾಮಾನಿನ ಲೆಕ್ಕಕ್ಕೇ ಸೇರಿಸಿದ್ದರು.

ಪಲ್ಲಡಂ ದಾಟಿದ ಮೇಲೆ ಮಾವ ಗಂಟಲು ಸರಿಮಾಡಿಕೊಂಡು, "ನೋಡು, ಪಾಪುಗೆ ಹೆಸ್ರು..." ಎಂದರು.

"ಸುಟ್ಟ ವಾಸ್ನೆ," ಎಂದರು ಅತ್ತೆ.

"ಕೋಳಿ ಫಾರಂದು."

"ಕೋಳಿ ಫಾರಂ ವಾಸ್ನೆ ನಂಗೆ ಗೊತ್ತಿಲ್ವಾ? ಏನೋ ಸುಡ್ತಾ ಇದೆ."

"ಮುಂದಿನ್ ಲಾರಿದು."

ಲಾರಿಯನ್ನು ಹಿಂದೆ ಹಾಕಿದೆವು. ವಾಸನೆ ನಮ್ಮ ಜೊತೆಗೇ ಬಂತು.

"ಹಂಗಾದ್ರೆ ಎಣ್ಣೆ ಮಿಲ್ದು."

ಕಾಂಗೇಯಂನ ಕೊಬ್ಬರಿ ಎಣ್ಣೆ ಮಿಲ್ಲುಗಳು ಇನ್ನೂ ಅರ್ಧ ಗಂಟೆಯ ದಾರಿ! ಅಷ್ಟು ದೂರದ್ದನ್ನು ಹಿಡಿಯುವ ಮೂಗಿಗೆ ಬಾನೆಟ್ಟಿನೊಳಗಿನದು ಸಿಕ್ಕಲಿಲ್ಲ. ಅಷ್ಟರಲ್ಲಿ ಪಕ್ಕದಲ್ಲಿ ಬಂದ ಬೈಕಿನವನೊಬ್ಬ ನಮ್ಮ ಬಾನೆಟ್ಟಿನ ಕಡೆ ಕೈ ತೋರಿಸಿ, "ಅಣ್ಣಾ, ಪೊಗೆ ವರುದುಂಗ" ಎಂದ. ಕಣ್ಣಿಗೆ ಕಾಣುವ ಹೊಗೆಯನ್ನು ಕೋಳಿಗಳ ಮೇಲೆ ಹೊರಿಸುವುದು ಮಾವನಿಂದಲೂ ಆಗಲಿಲ್ಲ. ಎಳನೀರಿನ ಅಂಗಡಿಯ ಪಕ್ಕ ಗಾಡಿ ನಿಲ್ಲಿಸಿದರು.

ಪರೀಕ್ಷೆ ಶುರುವಾಯಿತು. ಮಾವ ಒಂದೊಂದು ಚಕ್ರದ ಹತ್ತಿರವೂ ಅಂಗೈ ಹಿಡಿದು ನೋಡಿದರು, ಬ್ರೇಕ್ ಬಿಸಿಯಾಗಿರಲಿಲ್ಲ. ಬಾನೆಟ್ ಎತ್ತಿ, "ವೈರ್ ಸುಟ್ಟಿದೆ" ಎಂದರು. ಬೈಕಿನವನು ಫ್ಯಾನ್ ಬೆಲ್ಟ್ ಎಂದ. ಎಳನೀರಿನವರು, ಕೇಳದೆಯೇ, ಕ್ಲಚ್ ಎಂದರು. ಕೊನೆಗೆ ಅತ್ತೆ ಸೆರಗು ಸಿಕ್ಕಿಸಿಕೊಂಡು ಬಂದು ಮೂಸಿದರು. ನೂಲಿಗೆ ಬೆಂಕಿ ತಾಗಿಸಿ ಮೂಸಿ, ಹತ್ತಿಯೋ ಪಾಲಿಯೆಸ್ಟರೋ ಎಂದು ಹೇಳುವುದು ನಮ್ಮವರ ಹಳೆಯ ರೂಢಿ.

"ವೈರೂ ಅಲ್ಲ, ಬೆಲ್ಟೂ ಅಲ್ಲ. ಬಟ್ಟೆ ಸುಡ್ತಾ ಇದೆ. ಅದೂ ಕಲಬೆರಕೆ ಬಟ್ಟೆ, ಪಾಲಿಯೆಸ್ಟರ್ ಸೇರಿರೋದು."

ಮಾವನಿಗೆ ರೇಗಿಹೋಯಿತು. "ಯಾರ್ ಹೇಳಿದ್ದು? ಅಸಲಿ ಕಾಟನ್. ನಾನೇ ಆರಿಸಿ ಆರಿಸಿ ತುರ್ಕಿದ್ದು."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಇಂಜಿನ್ ಪಕ್ಕ ಸೈಲೆನ್ಸರ್ ಕೊಳವೆಯ ಮೇಲಿನ ತಗಡು ಟಣಟಣ ಎನ್ನುತ್ತಿತ್ತಂತೆ, ಅದಕ್ಕೆ ನಾಲ್ಕು ಹಿಡಿ ಚಿಕಿತ್ಸೆ ಆಗಿತ್ತು! ಕೋಲಿನಿಂದ ಆ ಉಂಡೆಯನ್ನು ಎಳೆದು ನೆಲಕ್ಕೆ ಹಾಕಿ ನೀರು ಸುರಿದೆವು. ಕರಗಿ ಗಟ್ಟಿಯಾದ ಒಂದು ಕರಿ ಮಣಿಯನ್ನು ಅತ್ತೆ ಹೆಕ್ಕಿ ಮಾವನ ಅಂಗೈಗೆ ಹಾಕಿದರು. ಕಾಟನ್ ಸುಟ್ಟರೆ ಬೂದಿ, ಮಣಿಯಾಗುವುದು ಪಾಲಿಯೆಸ್ಟರ್.

"ಎಲ್ಲಾ ಸಂದಿದೂ ತೆಗೀರಿ. ಆಮೇಲೇ ನಾನ್ ಹತ್ತೋದು," ಎಂದು ಅತ್ತೆ ದೂರ ಹೋಗಿ ಬೆಂಚಿನ ಮೇಲೆ ಕೂತರು.

ಮಾವನೂ ನಾನೂ ಎಳೆದೆವು. ಒಂದು ಹಾಸಿಗೆಗಾಗುವಷ್ಟು ಬಂತು.

"ಗಡಗಡ ಅಂದ್ರೆ ಅನ್ಲಿ ಬಿಡಿ ಮಾವ. ಇಷ್ಟೆಲ್ಲ ಯಾಕೆ?" ಎಂದೆ.

ಮಾವ ತಲೆ ಎತ್ತಲಿಲ್ಲ. "ಮಗ್ಗದ ಸದ್ದಲ್ಲೇ ಇದ್ದು ಇದ್ದು ನಿಮ್ಮತ್ತೆ ಕಿವಿ ಅರ್ಧ ಹೋಗಿದೆ ಕಣೋ. ಗಾಡಿ ಸುಮ್ನಿದ್ರೆ ನಾನ್ ಹೇಳೋದು ಅವ್ಳಿಗೆ ಕೇಳುತ್ತೆ."

"ಸ್ವಲ್ಪ ಜೋರಾಗಿ ಹೇಳಿ."

"ಮಗ್ಗದ ಶೆಡ್ಡಲ್ಲಿ ಜೀವನ ಪೂರ್ತಿ ಕೂಗಿದ್ದೇ ಆಯ್ತು. ಇನ್ನೂ ಕೂಗ್ಬೇಕಾ?"

ನಾನು ಇನ್ನೊಂದು ಸಂದಿಗೆ ಕೈಹಾಕಿದೆ.

ಹೆಸರು ಹೇಳಲು ಅಲ್ಲಿ ಜಾಗವೂ ಇರಲಿಲ್ಲ. ಬಾನೆಟ್ ಎತ್ತಿದ ಕಾರು ಕಂಡರೆ ಸಲಹೆ ಕೊಡದೆ ಹೋಗುವವರು ಯಾರು? ದೊಡ್ಡ ಗುಂಪೇ ಸೇರಿತ್ತು. ಅಷ್ಟೂ ಜನ ತಳ್ಳಿದ ಮೇಲೆ ಗಾಡಿ ಸ್ಟಾರ್ಟ್ ಆಯಿತು. ಆಮೇಲೆ ಕೇಳಬೇಕೆ? ಬಾಗಿಲು, ಸೀಟು, ತಗಡು ಎಲ್ಲವೂ ಹಳೆಯ ಸೇಡು ತೀರಿಸಿಕೊಂಡವು. ಮಾವ "ಪಾಪುಗೆ ಹೆಸ್ರು" ಎಂದು ಶುರು ಮಾಡುವುದು, ಅತ್ತೆ "ಏನು?" ಎಂದು ಕಿವಿ ಕೊಡುವುದು, ಮಾವ ಕೈ ಬೀಸಿ ಸುಮ್ಮನಾಗುವುದು. ಕಾಂಗೇಯಂ ತನಕ ಇದೇ ನಡೆಯಿತು.

ಮಗಳ ಮನೆ ಇನ್ನೆರಡು ಬೀದಿಯಾಚೆ. ಹತ್ತು ಹೊಡೆದು ಎಷ್ಟೋ ಹೊತ್ತಾಗಿತ್ತು. ಎಲ್ಲಿದ್ದೀರಿ ಎಂದು ಫೋನಿನ ಮೇಲೆ ಫೋನು. ಬಾಗಿಲಲ್ಲೇ ಬೀಗರ ಹಿಂಡು ಕಾದಿರುತ್ತದೆ. ಮಾವ ಬೇವಿನ ಮರದ ಕೆಳಗೆ ಗಾಡಿ ನಿಲ್ಲಿಸಿ ಕೀಲಿಕೈಗೆ ಕೈಹಾಕಿದರು.

"ಆಫ್ ಮಾಡ್ಬೇಡಿ ಮಾವ, ಮತ್ತೆ ಸ್ಟಾರ್ಟ್ ಆಗಲ್ಲ," ಎಂದೆ.

"ಆಗ್ದಿದ್ರೆ ನೀನಿದೀಯಲ್ಲ, ತಳ್ಳು."

ಇಂಜಿನ್ ನಿಂತಿತು. ಮಾವ ಅತ್ತೆಯ ಕಡೆ ತಿರುಗಿ, ಅಡುಗೆಮನೆಯಲ್ಲಿ ಕಾಫಿ ಕೇಳುವ ದನಿಯಲ್ಲಿ ಹೇಳಿದರು: "ಪಾಪುಗೆ ನಿಮ್ಮಮ್ಮನ ಹೆಸ್ರು ಇಡ್ತಾಳಂತೆ."

ಅತ್ತೆ ರಸ್ತೆಯನ್ನೇ ನೋಡುತ್ತ ಕೂತರು.

"ಇನ್ನೊಂದ್ ಸಲ ಹೇಳಿ."

"ಕೇಳ್ಲಿಲ್ವಾ?"

"ಕೇಳ್ತು. ಇನ್ನೊಂದ್ ಸಲ ಹೇಳಿ."

ನಾನು ಮೆಲ್ಲಗೆ ಬಾಗಿಲು ತೆಗೆದು, ಗಾಡಿ ತಳ್ಳಲು ಇಳಿದೆ.