ಸಮುದ್ರದಾಚೆ ನೌಕರಿಗೆ ಹೋದ ಟಗರು

ನಮ್ಮವ್ವ ಓಬಮ್ಮನ ಮದುವೆ ಐದು ವರ್ಷ ತಡವಾಯಿತು. ಕಾರಣ, ಬಿಳಿಯರ ದಂಡಿನ ಒಬ್ಬ ಲ್ಯಾನ್ಸ್... ಲ್ಯಾನ್ಸ್ ಕಾರ್ಪೆಂಟರೋ ಏನೋ, ಅಲ್ಲ, ಕಾರ್ಪೊರಲ್. ಅವನಿಗೆ ರಜೆ ಮಂಜೂರಾಗಲಿಲ್ಲ. ಆ ಕಾರ್ಪೊರಲ್ ನಮ್ಮಜ್ಜಿ ಮುದ್ದಕ್ಕ ಸಾಕಿದ ಟಗರು.

ಅವ್ವ ಸಣ್ಣವಳಿದ್ದಾಗ ಜ್ವರದಲ್ಲಿ ಕಣ್ಣುಮುಚ್ಚಿ ಮಲಗಿದ್ದಳಂತೆ. ಬದುಕಿದರೆ ಟಗರು ಒಪ್ಪಿಸುತ್ತೇನೆಂದು ಅಜ್ಜಿ ಊರ ಮಾರಮ್ಮನಿಗೆ ಹರಕೆ ಹೊತ್ತು, ಒಂದು ಮರಿಯನ್ನು ಆ ಅಮ್ಮನ ಹೆಸರಿಗೆ ಬಿಟ್ಟಳು. ಹಾಗೆ ಬಿಟ್ಟ ಟಗರು ಯಾರ ಹೊಲದಲ್ಲಿ ಮೇಯ್ದರೂ ಓಡಿಸುವಂತಿಲ್ಲ. ಹರಕೆಯ ದಿನ ಪೂಜಾರಿ ಅದರ ಬೆನ್ನಿಗೆ ನೀರು ಸುರಿಯುತ್ತಾನೆ. ಟಗರು ಮೈ ಕೊಡವಿದರೆ ಅಮ್ಮ ಒಪ್ಪಿದಳೆಂದು ಲೆಕ್ಕ. ಆಮೇಲೆ ಕತ್ತಿ. ಹರಕೆ ತೀರುವವರೆಗೆ ಮಗಳಿಗೆ ತಾಳಿ ಇಲ್ಲ.

ಆಫ್ರಿಕಾದ ಯುದ್ಧಕ್ಕೆ ಹೊರಟ ದಂಡೊಂದು ಐಮಂಗಲದ ಬಯಲಿನಲ್ಲಿ ಡೇರೆ ಹಾಕಿತು. ದಂಡಿನ ಮುಂದೆ ಟಗರು ನಡೆಯದಿದ್ದರೆ ಸಿಪಾಯಿಗಳು ಹಡಗು ಹತ್ತಕೂಡದೆಂಬುದು ಅವರ ನೂರು ವರ್ಷದ ನಿಯಮ. ಅವರ ಟಗರು ಆದಿವಾಲದ ಬಿಸಿಲಿಗೆ ಸತ್ತಿತ್ತು. ಎಂಟುನೂರು ಜನ ಬಂದೂಕು ಹಿಡಿದು ಸುಮ್ಮನೆ ಕುಳಿತರು. ಯುದ್ಧವೂ ಕಾಯಬೇಕಾಯಿತು.

ಟಗರು ಒದಗಿಸುವ ಹುಕುಂ ನಮ್ಮ ಹೋಬಳಿಯ ಕಂದಾಯ ನೋಡಿಕೊಳ್ಳುವ ಶೇಕದಾರ ತಿಪ್ಪೇರುದ್ರಪ್ಪನವರಿಗೆ ಬಂತು. ಅವರು ಯಾವ ಊರಿಗೆ ತನಿಖೆಗೆ ಹೋದರೂ ತುಪ್ಪ, ಬೆಲ್ಲ, ಹಸಿ ಅವರೆಕಾಯಿ ಇಲ್ಲದೆ ತನಿಖೆ ಮುಗಿಯುತ್ತಿರಲಿಲ್ಲ. ಬಂದವರೇ ಅಜ್ಜಿಯ ಟಗರಿಗೆ ಹಗ್ಗ ಹಾಕಿಸಿದರು.

"ಸ್ವಾಮೇರಾ, ಅದು ಅಮ್ಮನ ಟಗರು, ಮುಟ್ಟಬ್ಯಾಡ್ರಿ! ನನ್ನ ಮಗಳ ಮದುವೆ ಅದರ ಬೆನ್ನ ಮ್ಯಾಲೈತೆ."

"ನೋಡು ಮುದ್ದಕ್ಕ. ಟಗರು ದೇವರದು. ದೇವರ ಗುಡಿ ಸರ್ಕಾರದ ಪಟ್ಟಿಯಾಗೈತೆ. ಹಂಗಾಗಿ ಟಗರು ಸರ್ಕಾರದ್ದು. ನೀನು ಬರೀ ಮೇಯಿಸಿದೋಳು."

"ಹಂಗಾರೆ ಹರಕೆನೂ ಸರ್ಕಾರನೇ ತೀರಿಸ್ಲಿ."

"ಅರ್ಜಿ ಕೊಡು" ಎಂದು ಶೇಕದಾರರು ನಕ್ಕರು. ಅಜ್ಜಿ ಕೊಟ್ಟಳು.

ಬೇರೆ ಟಗರು ಕೊಡಲೇ ಎಂದು ಪೂಜಾರಿ ಓಬಳೇಶಪ್ಪನನ್ನೂ ಕೇಳಿ ನೋಡಿದಳು. "ತೋರ್ಸಿದ್ದೊಂದು, ಕೊಡೋದೊಂದಾ? ಅಮ್ಮ ಏನ್ ಕುರುಡಿ ಅಂದ್ಕಂಡ್ಯಾ?" ಎಂದ.

ಅರ್ಜಿ ಹಡಗು ಹತ್ತಿ ದಂಡಿನ ಹಿಂದೆ ಹೋಯಿತು. ವರ್ಷದ ಮೇಲೆ ಆಫ್ರಿಕಾದಿಂದ ಉತ್ತರ: "ಸದರಿ ಟಗರು ಲ್ಯಾನ್ಸ್ ಕಾರ್ಪೊರಲ್ ಹುದ್ದೆಗೆ ಬಡ್ತಿ ಹೊಂದಿದ್ದು, ಯುದ್ಧಕಾಲದಲ್ಲಿ ರಜೆ ಇಲ್ಲ." ಯುದ್ಧ ಮುಗಿಯಿತು, ದಂಡು ಮಾಲ್ಟಾ ದ್ವೀಪಕ್ಕೆ ಹೋಯಿತು. ಅಲ್ಲಿಂದ: "ಸದರಿಯವರು ಖುದ್ದಾಗಿ ರಜೆ ಕೋರಿರುವುದಿಲ್ಲ." ಮೂರನೆಯದು ಚೀನಾದ ಕಡೆಯಿಂದ: "ನಡತೆ ತೃಪ್ತಿಕರ."

ಮತ್ತೋಡಿನ ವರ ಕಾಟಲಿಂಗಪ್ಪ ವರ್ಷಕ್ಕೊಮ್ಮೆ ಬಂದು ಕೇಳುತ್ತಿದ್ದ, "ಕಾರ್ಪೊರಲ್ ಬಂದ್ರಾ?" ಐದನೇ ವರ್ಷ ಬೇರೆ ಮಾತಾಡಿದ. "ಈ ಸಂಕ್ರಾಂತಿ ಆದ್ಮ್ಯಾಲೆ ನಮ್ಮಪ್ಪ ಬ್ಯಾರೆ ಹೆಣ್ಣು ನೋಡ್ತಾನಂತೆ, ಅತ್ತೆ."

ಅಜ್ಜಿ ಹದಿನೇಳನೇ ಅರ್ಜಿ ಹಿಡಿದು ತಾಲ್ಲೂಕು ಕಚೇರಿಯ ಬಾಗಿಲಲ್ಲಿ ಕುರಿಗಳ ಸಮೇತ ಕುಳಿತಳು. ಮೂರನೇ ದಿನ ಆದೇಶ ಹೊರಟಿತು:

"೧. ಸಮುದ್ರದಾಚೆ ಸೇವೆಯಲ್ಲಿರುವ ನೌಕರನ ಬದಲಿಗೆ ಸಮಾನ ದರ್ಜೆಯ ನೌಕರನು ಹಾಜರಾಗತಕ್ಕದ್ದು. ೨. ಪರಿಶೀಲಿಸಲಾಗಿ, ಸದರಿ ಟಗರಿನ ದರ್ಜೆಯು ಹೋಬಳಿ ಶೇಕದಾರರ ದರ್ಜೆಗೆ ಸಮವೆಂದು ಕಂಡುಬಂದಿದೆ. ೩. ಶೇಕದಾರರು ನೀರು ಹಾಕಿಸಿಕೊಂಡು ಮೈ ಕೊಡವತಕ್ಕದ್ದು. ೪. ಮುಂದಿನ ಕ್ರಮದ ಬಗ್ಗೆ ಪ್ರತ್ಯೇಕ ಆದೇಶ ಹೊರಡುವುದು."

ಮಾರ್ಗಶಿರದ ಬೆಳಗಿನ ಚಳಿ. ಕೋಟು, ರುಮಾಲು, ಕೊರಳಲ್ಲಿ ಚೆಂಡುಹೂವಿನ ಹಾರ ಹಾಕಿಕೊಂಡು ತಿಪ್ಪೇರುದ್ರಪ್ಪನವರು ಗುಡಿಯ ಮುಂದೆ ನಿಂತರು. ಪೂಜಾರಿ ಮೊದಲ ಕೊಡ ಸುರಿದ. ಅವರು ಕಂಬದಂತೆ ಬಿಗಿದು ನಿಂತರು.

"ಮೈ ಕೊಡವ್ರಿ ಸ್ವಾಮಿ."

"ಕೊಡವಿದ ಮ್ಯಾಲೇನು?"

"ಅದು ನಾಕನೇ ಕಲಮು. ಬಂದಾಗ ನೋಡಾಣ" ಎಂದು ಓಬಳೇಶಪ್ಪ ಎರಡನೇ ಕೊಡ ಎತ್ತಿದ.

ಮೂರಕ್ಕೂ ಅವರು ಹಲ್ಲು ಕಚ್ಚಿದರು. ನಾಲ್ಕನೆಯದಕ್ಕೆ ರುಮಾಲಿನಿಂದ ಜೋಡಿನವರೆಗೆ ಎಂಥ ಕೊಡವು ಕೊಡವಿದರೆಂದರೆ, ಹನಿ ಗುಡಿಯೊಳಗಿನ ಅಮ್ಮನ ಮುಖಕ್ಕೂ ಸಿಡಿಯಿತಂತೆ.

"ಒಪ್ಪಿದ್ಲು!" ಎಂದು ಊರೇ ಕೂಗಿತು.

"ಅರ್ಧ ಹರಕೆ ತೀರ್ತು" ಎಂದ ಪೂಜಾರಿ. "ತಾಳಿಗೆ ಅರ್ಧ ಸಾಕು. ತಾತ್ಕಾಲಿಕ."

ಅದೇ ವಾರ ಅವ್ವನ ಮದುವೆಯಾಯಿತು.

ಉಳಿದರ್ಧಕ್ಕಾಗಿ ಓಬಳೇಶಪ್ಪ ಕತ್ತಿಯನ್ನು ಪ್ರತಿ ಮಂಗಳವಾರ ಮಸೆದಿಟ್ಟ. ಶೇಕದಾರರು ಅಂದಿನಿಂದ ದೇವರಿಗೆ ಬಿಟ್ಟವರಾದರು. ಯಾರ ಮನೆಗೆ ನುಗ್ಗಿ ಏನು ತಿಂದರೂ, ಯಾರ ಹೊಲದಲ್ಲಿ ಏನು ಕಿತ್ತರೂ ಓಡಿಸುವಂತಿರಲಿಲ್ಲ. ಮೊದಲೂ ಹಾಗೇ ಇದ್ದದ್ದರಿಂದ ಊರಿಗೆ ವ್ಯತ್ಯಾಸ ಗೊತ್ತಾಗಲಿಲ್ಲ. ಹಾರವೊಂದೇ ಹೊಸದು.

ಪ್ರತ್ಯೇಕ ಆದೇಶ ಇನ್ನೂ ಬಂದಿಲ್ಲ. ಇಷ್ಟು ದೂರದ ಜಬಲ್ಪುರಕ್ಕೆ ಬಂದು ನಲವತ್ತು ವರ್ಷವಾದರೂ ಅಂಚೆಯವನು ಬಂದಾಗ ನಾನು ಒಮ್ಮೆ ಕೇಳಿಯೇ ಕೇಳುತ್ತೇನೆ. ಅದು ಬರುವವರೆಗೆ ಅವ್ವನ ಮದುವೆ ತಾತ್ಕಾಲಿಕ, ನಾನು ಹುಟ್ಟಿದ್ದೂ ತಾತ್ಕಾಲಿಕ.

ಲೇ ಕಮಲಿ, ನಗೋದು ಸಾಕು, ನಾ ಹೇಳಿದ್ದು ಬರ್ಕಳೇ. ನನ್ನ ಹೆಸರಿನ ಮುಂದೆ 'ತಾತ್ಕಾಲಿಕ' ಅಂತಲೂ ಸೇರಿಸು. ನನ್ನ ಮೊಮ್ಮಗಳು ನೀನು, ನಿಂದಕ್ಕೂ ಹಾಕ್ಕ.